ಕಡತದಲ್ಲಿರುವುದು, ಸರ್ವರ್‌ನಲ್ಲಿರುವುದು

ಮನೆಯ ಆಡಿಯೊ ವ್ಯವಸ್ಥೆಗೆ ಸಂಗೀತ ಸರ್ವರ್ ಅಳವಡಿಸುವ ಕೆಲಸದಲ್ಲಿ ತಂತ್ರಾಂಶದ ಅಳವಡಿಕೆ ಎನ್ನುವುದು ತೀರ ಚಿಕ್ಕ ಭಾಗ. ಇಂದು ಬಳಕೆಯಲ್ಲಿರುವ ಸರ್ವರ್‌ಗಳು ಬಹುತೇಕ ಸಿದ್ಧ ಪ್ಯಾಕೇಜ್ ರೂಪದಲ್ಲೇ ಸಿಗುತ್ತವೆ. ಒಂದೆರಡು ಆದೇಶ ಕೊಟ್ಟು, ಸಂಗೀತವಿರುವ ಫೋಲ್ಡರ್ ಯಾವುದೆಂದು ತೋರಿಸಿ, ಬ್ರೌಸರ್ ತೆರೆದರೆ ಆಲ್ಬಮ್‌ಗಳ ಹೊದಿಕೆಯ ಚಿತ್ರಗಳು ಸಾಲಾಗಿ ಮೂಡುತ್ತವೆ. ಆ ಸಾಲನ್ನು ಸ್ವಲ್ಪ ಹೊತ್ತು ನೋಡಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಒಂದೇ ಆಲ್ಬಮ್ ಎರಡು ಕಡೆ ಕಾಣುತ್ತದೆ, ಒಬ್ಬರೇ ಗಾಯಕರು ಇನಿಷಿಯಲ್ ಇರುವ ಹೆಸರಿನಲ್ಲೊಮ್ಮೆ, ಇಲ್ಲದ ಹೆಸರಿನಲ್ಲೊಮ್ಮೆ ಹಾಜರಾಗುತ್ತಾರೆ, ಹಲವು ಕಲಾವಿದರ ಸಂಕಲನವೊಂದು ಒಂದೊಂದು ಹಾಡಿನ ಹತ್ತು ಆಲ್ಬಮ್‌ಗಳಾಗಿ ಒಡೆದು ಹೋಗಿರುತ್ತದೆ. ಇವು ಯಾವುವೂ ಸರ್ವರ್‌ನ ದೋಷಗಳಲ್ಲ. ತನ್ನ ಮುಂದೆ ಇಟ್ಟಿದ್ದನ್ನು ಅದು ಇದ್ದ ಹಾಗೆ ಓದಿ ಒಪ್ಪಿಸಿದೆ, ಅಷ್ಟೆ.

ಹಾಗಾಗಿ ಈ ಕೆಲಸದ ಪ್ರತಿ ಹಂತದಲ್ಲೂ ನಾನು ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಳ್ಳುತ್ತೇನೆ: ಈಗ ಸೇರಿಸುತ್ತಿರುವ ಮಾಹಿತಿ ಸಂಗೀತದ ಕಡತದೊಳಗೇ ಉಳಿಯುವುದೋ, ಸರ್ವರ್‌ನ ದತ್ತಸಂಚಯದಲ್ಲಿ ಮಾತ್ರ ಉಳಿಯುವುದೋ? ಕಡತದೊಳಗೆ ಬರೆದದ್ದು ಆ ಕಡತ ಹೋದಲ್ಲೆಲ್ಲ ಹೋಗುತ್ತದೆ. ಸರ್ವರ್‌ನೊಳಗೆ ಬರೆದದ್ದು ಆ ತಂತ್ರಾಂಶ ಬಾಳುವಷ್ಟು ಕಾಲ ಮಾತ್ರ ಬಾಳುತ್ತದೆ; ತಂತ್ರಾಂಶಗಳ ಆಯಸ್ಸಾದರೋ ಒಬ್ಬ ಕೇಳುಗನ ಸಂಗ್ರಹದ ಆಯಸ್ಸಿಗಿಂತ ಬಹಳ ಕಡಿಮೆ. ಯಾವ ಸರ್ವರ್ ಉತ್ತಮ ಎಂಬ ಚರ್ಚೆಗೆ ಇಳಿಯುವ ಮೊದಲೇ ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಂಡರೆ ಆಯ್ಕೆಯ ಭಾರ ಅರ್ಧ ಇಳಿಯುತ್ತದೆ.

ಮೊದಲಿಗೆ ಮೂರು ಪಾತ್ರಗಳನ್ನು ಬೇರೆಬೇರೆಯಾಗಿ ನೋಡಬೇಕು. ಸಂಗ್ರಹವನ್ನು ಓದಿ, ಪಟ್ಟಿ ಮಾಡಿ, ಕೇಳಿದ ಹಾಡನ್ನು ಜಾಲದ ಮೂಲಕ ಕಳುಹಿಸುವುದು ಸರ್ವರ್. ಆ ಹರಿವನ್ನು ಪಡೆದು ಡ್ಯಾಕ್‌ಗೆ, ಎಂದರೆ ಅಂಕಿಗಳನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಘಟಕಕ್ಕೆ, ದಾಟಿಸುವುದು ಪ್ಲೇಯರ್. ಏನನ್ನು ನುಡಿಸಬೇಕೆಂದು ಹೇಳುವುದು ಕಂಟ್ರೋಲರ್. ಇದು ಸಾಮಾನ್ಯವಾಗಿ ಕೈಯಲ್ಲಿರುವ ಫೋನ್. ಮೂರೂ ಒಂದೇ ಪೆಟ್ಟಿಗೆಯಲ್ಲಿ ಇರಬಹುದು, ಮೂರು ಕೋಣೆಗಳಲ್ಲೂ ಇರಬಹುದು. ಫೋನ್‌ನಿಂದ ನೇರವಾಗಿ ಬ್ಲೂಟೂತ್ ಸ್ಪೀಕರ್‌ಗೆ ಹಾಡು ಕಳುಹಿಸುವಾಗ ಫೋನೇ ಸಂಗೀತದ ದಾರಿಯಲ್ಲಿ ನಿಂತಿರುತ್ತದೆ. ಕರೆ ಬಂದರೆ ಹಾಡು ನಿಲ್ಲುತ್ತದೆ, ಫೋನ್ ಹಿಡಿದು ಹೊರಗೆ ಹೋದರೆ ಹಾಡೂ ಹೊರಗೆ ಹೋಗುತ್ತದೆ. ಸರ್ವರ್ ಇರುವ ಮನೆಯಲ್ಲಿ ಫೋನ್ ಆದೇಶ ಕೊಟ್ಟು ಸುಮ್ಮನಾಗುತ್ತದೆ, ಸಂಗೀತ ತನ್ನ ಪಾಡಿಗೆ ಮುಂದುವರಿಯುತ್ತದೆ.

ಈ ವಿಂಗಡಣೆಯನ್ನು ಮೊದಮೊದಲು ಸ್ಪಷ್ಟವಾಗಿ ಮಾಡಿ ತೋರಿಸಿದವರಲ್ಲಿ ಸ್ಲಿಮ್ ಡಿವೈಸಸ್ ಎಂಬ ಚಿಕ್ಕ ಕಂಪನಿ ಒಂದು. 2001ರಲ್ಲಿ ಅವರು ತಂದ ಸ್ಲಿಮ್‌ಪಿ3 ಎಂಬ ಪ್ಲೇಯರ್‌ನಲ್ಲಿ ಹಾಡು ಇಟ್ಟುಕೊಳ್ಳಲು ಜಾಗವೇ ಇರಲಿಲ್ಲ; ಬುದ್ಧಿಯೆಲ್ಲ ಮನೆಯ ಕಂಪ್ಯೂಟರ್‌ನಲ್ಲಿ ನಡೆಯುತ್ತಿದ್ದ, ಪರ್ಲ್ ಭಾಷೆಯಲ್ಲಿ ಬರೆದ ಸ್ಲಿಮ್‌ಸರ್ವರ್‌ನಲ್ಲಿ ಇತ್ತು. 2003ರಲ್ಲಿ ಸ್ಕ್ವೀಜ್‌ಬಾಕ್ಸ್ ಬಂತು, 2006ರಲ್ಲಿ ಲಾಜಿಟೆಕ್ ಕಂಪನಿ ಸ್ಲಿಮ್ ಡಿವೈಸಸ್ ಅನ್ನು ಕೊಂಡಿತು, 2012ರಲ್ಲಿ ಆ ಪ್ಲೇಯರ್‌ಗಳ ಸರಣಿಯನ್ನೇ ನಿಲ್ಲಿಸಿತು, 2024ರ ಆರಂಭದಲ್ಲಿ ಅವುಗಳಿಗೆ ಸಂಬಂಧಿಸಿದ ಅಂತರ್ಜಾಲ ಸೇವೆಯೂ ಮುಚ್ಚಿತು. ಇಷ್ಟೆಲ್ಲ ಆದ ಮೇಲೂ ಆ ಸರ್ವರ್ ಇವತ್ತಿಗೂ ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ಹೆಸರಿನಲ್ಲಿ ಬೆಳೆಯುತ್ತಿದೆ. ಮೂಲಸಂಕೇತ ಮೊದಲಿನಿಂದಲೂ ಮುಕ್ತವಾಗಿದ್ದುದರಿಂದ ಬಳಕೆದಾರರೇ ಅದನ್ನು ಮುಂದುವರಿಸಿದರು. ಸ್ಕ್ವೀಜ್‌ಲೈಟ್ ಎಂಬ ಪುಟ್ಟ ತಂತ್ರಾಂಶ ಯಾವುದೇ ಲಿನಕ್ಸ್ ಯಂತ್ರವನ್ನು ಸ್ಕ್ವೀಜ್‌ಬಾಕ್ಸ್‌ನಂತೆ ನಟಿಸುವಂತೆ ಮಾಡುತ್ತದೆ. ಪೈಕೋರ್‌ಪ್ಲೇಯರ್ ಅದನ್ನೇ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ, ಪೂರ್ತಿಯಾಗಿ ಮೆಮೊರಿಯಲ್ಲೇ ಓಡುವಂತೆ, ಕಟ್ಟಿಕೊಡುತ್ತದೆ. ಹಾಗೆ ಮೆಮೊರಿಯಲ್ಲಿ ಓಡುವುದರಿಂದ ವಿದ್ಯುತ್ ಹಠಾತ್ತನೆ ಹೋದರೂ ಕಾರ್ಡ್ ಕೆಡುವ ಭಯ ಕಡಿಮೆ.

ಬೇರೆ ದಾರಿಗಳೂ ಇವೆ. ಒಂದೇ ಕೋಣೆ, ಒಂದೇ ಆಂಪ್ಲಿಫೈಯರ್, ಅದರ ಪಕ್ಕದಲ್ಲೇ ಚಿಕ್ಕ ಕಂಪ್ಯೂಟರ್ ಎಂದಾದರೆ 2003ರಿಂದ ನಡೆದು ಬಂದಿರುವ ಮ್ಯೂಸಿಕ್ ಪ್ಲೇಯರ್ ಡೀಮನ್, ಎಂಪಿಡಿ, ಸಾಕು. ಅದು ಸರ್ವರ್ ಮತ್ತು ಪ್ಲೇಯರ್ ಎರಡನ್ನೂ ಒಂದರಲ್ಲೇ ಮುಗಿಸುತ್ತದೆ, ತನಗೆಂದು ಪರದೆಯನ್ನೇ ಕೇಳುವುದಿಲ್ಲ, ಕಂಟ್ರೋಲರ್ ಆಗಿ ನಮಗೆ ಹಿಡಿಸಿದ್ದನ್ನು ಆರಿಸಿಕೊಳ್ಳಬಹುದು. ಮುಖ್ಯವಾಗಿ ಫೋನ್‌ನಲ್ಲಿ, ಮನೆಯ ಹೊರಗೆ ಕೇಳುವವರಿಗೆ ನ್ಯಾವಿಡ್ರೋಮ್ ಹೊಂದುತ್ತದೆ. ಅದು ಮಾತನಾಡುವುದು ಸಬ್‌ಸೋನಿಕ್ ಎಂಬ ಹಳೆಯ ಸರ್ವರ್‌ನ ಭಾಷೆಯನ್ನು. ಸಬ್‌ಸೋನಿಕ್ 2016ರಲ್ಲಿ ತನ್ನ ಮೂಲಸಂಕೇತವನ್ನು ಮುಚ್ಚಿಕೊಂಡರೂ ಆ ಭಾಷೆ ಉಳಿದುಕೊಂಡಿತು, ಅದನ್ನು ಬಲ್ಲ ಆ್ಯಪ್‌ಗಳೆಲ್ಲ ಈಗ ನ್ಯಾವಿಡ್ರೋಮ್‌ಗೂ ಒದಗುತ್ತವೆ. ಚಲನಚಿತ್ರ, ಸಂಗೀತ ಎರಡನ್ನೂ ಒಂದೇ ಕಡೆ ಇಡಬೇಕೆನ್ನುವವರು 2018ರ ಕೊನೆಯಲ್ಲಿ ಎಂಬಿ ಎಂಬ ಸರ್ವರ್‌ನಿಂದ ಕವಲೊಡೆದ ಜೆಲ್ಲಿಫಿನ್ ನೋಡಬಹುದು, ಆದರೆ ಅದರ ಒಲವು ಚಲನಚಿತ್ರದ ಕಡೆಗೆ ಎಂಬುದು ಬಳಸಿದೊಡನೆ ತಿಳಿಯುತ್ತದೆ. ಹಣ ಕೊಟ್ಟು ಪಡೆಯುವ ರೂನ್ ನೋಟಕ್ಕೂ ಮಾಹಿತಿಗೂ ಇವೆಲ್ಲಕ್ಕಿಂತ ಸಿರಿವಂತ. ಒಂದು ಹಾಡಿನಿಂದ ಅದರ ವಾದಕರಿಗೆ, ಅಲ್ಲಿಂದ ಅವರ ಬೇರೆ ಮುದ್ರಿಕೆಗಳಿಗೆ ಅಲೆಯುವ ಸುಖ ಅದರಲ್ಲಿದೆ. ಆದರೆ ನಾವು ಅದರಲ್ಲಿ ಮಾಡುವ ತಿದ್ದುಪಡಿಗಳು ಅದರ ದತ್ತಸಂಚಯದಲ್ಲೇ ಉಳಿಯುತ್ತವೆ. ನನ್ನ ಪ್ರಶ್ನೆಗೆ ಅಲ್ಲಿ ಸಿಗುವ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ.

ಮನೆಯ ಸಾಧನಗಳು ಜಾಲದ ಮೂಲಕ ಹಾಡು, ಚಿತ್ರ ಹಂಚಿಕೊಳ್ಳಲೆಂದು ಮಾಡಿದ ಡಿಎಲ್‌ಎನ್‌ಎ ಬಗ್ಗೆಯೂ ಒಂದು ಮಾತು. ಟಿವಿ, ಆಂಪ್ಲಿಫೈಯರ್, ರೂಟರ್ ಹೀಗೆ ಎಲ್ಲದರಲ್ಲೂ ಅಚ್ಚಾಗಿರುವ ಈ ಹೆಸರಿನ ಒಕ್ಕೂಟ 2003ರಲ್ಲಿ ಹುಟ್ಟಿ 2017ರಲ್ಲಿ ವಿಸರ್ಜನೆಯಾಯಿತು, ಅದರ ಕೆಳಗಿರುವ ಯುಪಿಎನ್‌ಪಿ ಶಿಷ್ಟಾಚಾರ, ಎಂದರೆ ಸಾಧನಗಳು ಪರಸ್ಪರ ಮಾತನಾಡುವ ನಿಯಮಾವಳಿ, ಮಾತ್ರ ಇನ್ನೂ ಲಕ್ಷಾಂತರ ಸಾಧನಗಳಲ್ಲಿ ಜೀವಂತವಾಗಿದೆ. ಇರುವ ಉಪಕರಣದಲ್ಲಿ ಅದೊಂದೇ ಸೌಲಭ್ಯವಿದ್ದರೆ ಧಾರಾಳವಾಗಿ ಬಳಸಬಹುದು. ಒಂದು ಕೊರತೆಯನ್ನು ಮೊದಲೇ ತಿಳಿದಿರಬೇಕು: ಮುಂದೆ ಬರಲಿರುವ ಹಾಡು ಯಾವುದೆಂದು ಪ್ಲೇಯರ್‌ಗೆ ಮುಂಚಿತವಾಗಿ ತಿಳಿಸುವ ಸೌಲಭ್ಯ ಆ ಶಿಷ್ಟಾಚಾರದಲ್ಲಿ ಐಚ್ಛಿಕ. ಅದು ಇಲ್ಲದ ಸಾಧನಗಳಲ್ಲಿ ಎರಡು ಹಾಡುಗಳ ನಡುವೆ ಅರೆಗಳಿಗೆಯ ಮೌನ ಬೀಳುತ್ತದೆ, ಮತ್ತು ಒಂದೇ ಕಛೇರಿಯನ್ನು ಭಾಗಗಳಾಗಿ ಕತ್ತರಿಸಿಟ್ಟ ಮುದ್ರಿಕೆಗಳಲ್ಲಿ ಆ ಮೌನ ಚಪ್ಪಾಳೆಯ ನಡುವೆಯೇ ಬಂದು ಕೂರುತ್ತದೆ.

ಯಂತ್ರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸಂಗೀತದ ಹರಿವು ಜಾಲಕ್ಕೆ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಎಂದರೆ ಧ್ವನಿಯ ಅಳತೆಗಳು, ಒಂದೊಂದೂ 16 ಬಿಟ್, ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14 ಲಕ್ಷ ಬಿಟ್‌ಗಿಂತ ತುಸು ಹೆಚ್ಚು. 24 ಬಿಟ್, 96,000 ಸ್ಯಾಂಪಲ್‌ನ ಮುದ್ರಿಕೆಯಾದರೂ ಸಂಕುಚನವಿಲ್ಲದೆ 46 ಲಕ್ಷ ಬಿಟ್. ಹಳೆಯ ಲ್ಯಾಪ್‌ಟಾಪ್, ಅಂಗೈಯಗಲದ ಸಿಂಗಲ್ ಬೋರ್ಡ್ ಕಂಪ್ಯೂಟರ್, ಜಾಲಕ್ಕೆ ಜೋಡಿಸಿದ ಹಾರ್ಡ್ ಡಿಸ್ಕ್ ಪೆಟ್ಟಿಗೆ, ಯಾವುದಾದರೂ ಆದೀತು. ಫ್ಯಾನ್ ಇಲ್ಲದಿದ್ದರೆ ಮತ್ತೂ ಒಳ್ಳೆಯದು. ಸರ್ವರ್ ಬದಲಿಸಿದರೆ ಧ್ವನಿ ಬದಲಾಗುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದೇ ಬಿಟ್‌ಗಳು ಅದೇ ಡ್ಯಾಕ್‌ಗೆ ಸರಿಯಾಗಿ ತಲುಪುತ್ತಿರುವಾಗ ಧ್ವನಿ ಬದಲಾಗಲು ಕಾರಣವೇ ಇಲ್ಲ ಎಂಬುದು ನನ್ನ ನಿಲುವು. ವ್ಯತ್ಯಾಸ ಕೇಳಿಸಿತೆಂದರೆ ಬಿಟ್‌ಗಳು ದಾರಿಯಲ್ಲೆಲ್ಲೋ ಬದಲಾಗಿವೆ ಎಂದರ್ಥ, ಆ ಜಾಗವನ್ನು ಹುಡುಕಬೇಕು.

ಅಳವಡಿಸಿದ ಮೇಲೆ ಸಂಗ್ರಹ ಖಾಲಿ ಎಂದು ತೋರಿಸಿದರೆ, ಲಿನಕ್ಸ್‌ನಲ್ಲಿ ಅದಕ್ಕೆ ಸಾಮಾನ್ಯ ಕಾರಣ ಅನುಮತಿ. ಸರ್ವರ್ ನಮ್ಮ ಹೆಸರಿನಲ್ಲಿ ಓಡುವುದಿಲ್ಲ, ತನಗೆಂದೇ ಸೃಷ್ಟಿಯಾದ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಆ ಬಳಕೆದಾರನಿಗೆ ಸಂಗೀತದ ಫೋಲ್ಡರ್ ಓದುವ ಅನುಮತಿ ಇದ್ದರೆ ಸಾಲದು, ಅಲ್ಲಿಯವರೆಗಿನ ಪ್ರತಿಯೊಂದು ಮೇಲಿನ ಫೋಲ್ಡರನ್ನು ಹಾದುಹೋಗುವ ಅನುಮತಿಯೂ ಬೇಕು. ಓದುವ ಅನುಮತಿ ಕೊಡಿ, ಬರೆಯುವ ಅನುಮತಿ ಕೊಡಬೇಡಿ. ಪ್ಲೇಲಿಸ್ಟ್‌ಗಳಿಗೆ ಬೇರೆಯೇ ಫೋಲ್ಡರ್ ಮಾಡಿ ಅಲ್ಲಿ ಮಾತ್ರ ಬರೆಯಲು ಬಿಟ್ಟರೆ ಯಾವ ಸರ್ವರ್ ಬಂದು ಹೋದರೂ ಮೂಲ ಕಡತಗಳಿಗೆ ಧಕ್ಕೆ ಬಾರದು. ಪ್ಲೇಯರ್‌ಗೆ ಸರ್ವರ್ ಕಾಣದಿದ್ದರೆ ನೋಡಬೇಕಾದ್ದು ಜಾಲವನ್ನು. ಇಂತಹ ಸಾಧನಗಳು ಪರಸ್ಪರ ಗುರುತು ಹಿಡಿಯುವುದು ಇಡೀ ಜಾಲಕ್ಕೆ ಕೂಗಿ ಹೇಳುವ ಪ್ರಕಟಣೆಗಳ ಮೂಲಕ. ಯುಪಿಎನ್‌ಪಿ ಅದಕ್ಕಾಗಿ 239.255.255.250 ಎಂಬ ಸಮೂಹ ವಿಳಾಸವನ್ನು ಬಳಸುತ್ತದೆ. ಅತಿಥಿಗಳಿಗೆಂದು ಮಾಡಿದ ವೈ-ಫೈ ಜಾಲ ಇಂತಹ ಕೂಗನ್ನು ಉದ್ದೇಶಪೂರ್ವಕವಾಗಿಯೇ ತಡೆಯುತ್ತದೆ. ರೂಟರ್‌ನಲ್ಲಿ ಸರ್ವರ್‌ಗೆ ಬದಲಾಗದ ವಿಳಾಸವೊಂದನ್ನು ಕಾಯ್ದಿರಿಸಿ, ಪ್ಲೇಯರ್‌ಗೆ ಆ ವಿಳಾಸವನ್ನೇ ನೇರವಾಗಿ ಹೇಳಿಕೊಡುವುದು ನನ್ನ ರೂಢಿ. ಸರ್ವರ್‌ನ ಬಾಗಿಲನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿಡುವುದು ಮಾತ್ರ ಬೇಡ. ಹೊರಗಿನಿಂದ ಕೇಳಬೇಕೆಂದರೆ ವಿಪಿಎನ್ ಮೂಲಕ ಮನೆಯ ಜಾಲಕ್ಕೆ ಬರುವುದು ಸುರಕ್ಷಿತ.

ಇನ್ನು ಕಡತಗಳ ಮಾತು. ಸಂಗ್ರಹಕ್ಕೆ ಫ್ಲಾಕ್ ಎಂಬ ಧ್ವನಿ ಕಡತದ ರೂಪ ಈಗ ಹೆಚ್ಚು ಚರ್ಚೆಯಿಲ್ಲದ ಆಯ್ಕೆ. 2001ರಲ್ಲಿ ಅದರ ಮೊದಲ ಸ್ಥಿರ ಆವೃತ್ತಿ ಬಂತು, 2024ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 9639 ಎಂಬ ಅಂತರ್ಜಾಲ ಮಾನಕವಾಗಿ ಪ್ರಕಟವಾಯಿತು. ಒಂದು ಬಿಟ್ ಕೂಡ ಕಳೆದುಕೊಳ್ಳದೆ ಸಿಡಿಯ ಗಾತ್ರವನ್ನು ಸುಮಾರು ಅರ್ಧಕ್ಕೆ ಇಳಿಸುವುದು ಎಲ್ಲರಿಗೂ ತಿಳಿದ ಗುಣ. ನನಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ: ಕಡತದ ಆರಂಭದಲ್ಲೇ ಮೂಲ ಧ್ವನಿಯ ಎಂಡಿ5 ಮೊತ್ತವನ್ನು, ಎಂದರೆ ಅದರ ಬಿಟ್‌ಗಳಿಂದ ಲೆಕ್ಕ ಹಾಕಿದ ಪರಿಶೀಲನಾ ಸಂಖ್ಯೆಯನ್ನು, ಬರೆದಿಡಲಾಗಿರುತ್ತದೆ. ವರ್ಷಗಳ ನಂತರ ಡಿಸ್ಕ್ ಸದ್ದಿಲ್ಲದೆ ಕೆಟ್ಟು ಒಂದು ಬಿಟ್ ಮಗುಚಿದ್ದರೂ, ಫ್ಲಾಕ್‌ನ ಪರೀಕ್ಷಾ ಆದೇಶವನ್ನು ಇಡೀ ಸಂಗ್ರಹದ ಮೇಲೆ ಓಡಿಸಿದರೆ ಕೆಟ್ಟ ಕಡತ ಯಾವುದೆಂದು ಅದೇ ಹೇಳುತ್ತದೆ. ತನ್ನ ಆರೋಗ್ಯದ ಸಾಕ್ಷಿಯನ್ನು ತನ್ನೊಳಗೇ ಹೊತ್ತ ಕಡತ ಅದು. ಎಂಪಿ3 ಕಡತಗಳನ್ನು ಹಾಗೆಯೇ ಇಟ್ಟುಕೊಳ್ಳಬೇಕು, ಅವನ್ನು ಫ್ಲಾಕ್‌ಗೆ ಬದಲಿಸಿದರೆ ಗಾತ್ರ ಹಿಗ್ಗುತ್ತದೆಯೇ ಹೊರತು ಕಳೆದುಹೋದದ್ದು ಮರಳಿ ಬರುವುದಿಲ್ಲ. ಎಂಪಿ3 ಧ್ವನಿಯನ್ನು 1,152 ಸ್ಯಾಂಪಲ್‌ಗಳ, ಎಂದರೆ ಸುಮಾರು 26 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸುವುದರಿಂದ ಹಾಡಿನ ತಲೆಗೂ ಬಾಲಕ್ಕೂ ಒಂದಿಷ್ಟು ಮೌನ ಅಂಟಿಕೊಳ್ಳುತ್ತದೆ. ಎಂಪಿ3 ತಯಾರಿಸುವ ಲೇಮ್ ಎಂಬ ಎನ್‌ಕೋಡರ್ ಆ ಮೌನದ ಅಳತೆಯನ್ನು ಕಡತದಲ್ಲೇ ಗುರುತು ಹಾಕಿಡುತ್ತದೆ, ಅದನ್ನು ಓದಬಲ್ಲ ಪ್ಲೇಯರ್ ಅಷ್ಟನ್ನು ಕತ್ತರಿಸಿ ಹಾಡುಗಳನ್ನು ಬಿಡುವಿಲ್ಲದೆ ಜೋಡಿಸುತ್ತದೆ.

ಸಂಗ್ರಹದ ನಿಜವಾದ ಒಡಲು ಇರುವುದು ಟ್ಯಾಗ್‌ಗಳಲ್ಲಿ, ಎಂದರೆ ಹಾಡು, ಕಲಾವಿದರು, ಆಲ್ಬಮ್ ಯಾವುದೆಂದು ಕಡತದೊಳಗೆ ಬರೆದಿಡುವ ವಿವರಗಳಲ್ಲಿ. ಸಾಮಾನ್ಯ ಸಿಡಿಯಲ್ಲಿ ಹಾಡಿನ ಹೆಸರೇ ಇರುವುದಿಲ್ಲ ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಸಿಡಿಡಿಬಿ ಎಂಬ ಸೇವೆ ಹಾಡುಗಳು ಶುರುವಾಗುವ ಸ್ಥಾನಗಳನ್ನು ಲೆಕ್ಕ ಹಾಕಿ ಇದು ಯಾವ ಡಿಸ್ಕ್ ಎಂದು ಊಹಿಸುತ್ತಿತ್ತು. ಅದರ ಹೆಸರುಗಳನ್ನು ಟೈಪ್ ಮಾಡಿ ತುಂಬಿಸಿದವರು ಸಾವಿರಾರು ಸ್ವಯಂಸೇವಕರು. ಮುಂದೆ ಅದು ಗ್ರೇಸ್‌ನೋಟ್ ಎಂಬ ವಾಣಿಜ್ಯ ಕಂಪನಿಯಾಯಿತು. ಅದಕ್ಕೆ ಪರ್ಯಾಯವಾಗಿ ಹುಟ್ಟಿದ ಫ್ರೀಡಿಬಿ 2020ರಲ್ಲಿ ಮುಚ್ಚಿತು. 2000ದಲ್ಲಿ ಆರಂಭವಾದ ಮ್ಯೂಸಿಕ್‌ಬ್ರೇನ್ಜ್ ಇಂದಿಗೂ ನಡೆಯುತ್ತಿದೆ, ಅದರ ಮೂಲ ದತ್ತಾಂಶವೂ ಸಾರ್ವಜನಿಕ ಸ್ವತ್ತು. ಅದರ ಪಿಕಾರ್ಡ್ ತಂತ್ರಾಂಶ ಧ್ವನಿಯ ಬೆರಳಚ್ಚು ತೆಗೆದು ಅನಾಮಧೇಯ ಕಡತವನ್ನೂ ಗುರುತಿಸಬಲ್ಲದು, ಗುರುತಿಸಿದ್ದನ್ನು ಕಡತದೊಳಗೇ ಬರೆಯಬಲ್ಲದು. ಈ ಮೂರು ಸೇವೆಗಳಲ್ಲಿ ಯಾವುದರಿಂದ ಹೆಸರುಗಳನ್ನು ಪಡೆದಿದ್ದರೂ, ಅಂದು ಕಡತದೊಳಗೆ ಬರೆದುಕೊಂಡವರಿಗೆ ಸೇವೆ ಮುಚ್ಚಿದರೂ ಕೈಬದಲಾದರೂ ಏನೂ ನಷ್ಟವಿಲ್ಲ.

ಟ್ಯಾಗ್‌ಗಳಲ್ಲಿ ಒಂದನ್ನು ಮಾತ್ರ ಶ್ರದ್ಧೆಯಿಂದ ತುಂಬುವಷ್ಟು ತಾಳ್ಮೆ ಇದೆ ಎಂದರೆ ಅದು ಆಲ್ಬಮ್ ಕಲಾವಿದರ ಟ್ಯಾಗ್ ಆಗಿರಲಿ. ಹಾಡಿನ ಕಲಾವಿದರು ಬೇರೆ, ಆಲ್ಬಮ್‌ನ ಕಲಾವಿದರು ಬೇರೆ ಎಂಬ ಭೇದ ಸರ್ವರ್‌ಗೆ ತಿಳಿಯುವುದು ಅದರಿಂದ. ಅದು ಖಾಲಿಯಿದ್ದಾಗಲೇ ಸಂಕಲನಗಳು ಚೂರುಚೂರಾಗುವುದು. ಶಾಸ್ತ್ರೀಯ ಸಂಗೀತ ಕೇಳುವವರ ಪಾಡು ಇನ್ನೂ ಕಷ್ಟದ್ದು. ಈ ಇಡೀ ವ್ಯವಸ್ಥೆ ಜನಪ್ರಿಯ ಗೀತೆಗಳನ್ನು ಕಣ್ಣೆದುರಿಟ್ಟುಕೊಂಡು ಹುಟ್ಟಿದ್ದು: ಒಬ್ಬ ಕಲಾವಿದ, ಒಂದು ಆಲ್ಬಮ್, ಒಂದು ಹಾಡು. ರಚಿಸಿದವರು ಒಬ್ಬರು, ಹಾಡಿದವರು ಇನ್ನೊಬ್ಬರು, ಪಕ್ಕವಾದ್ಯದವರು ಮೂವರು, ಒಂದೇ ಕೃತಿಯ ಹಲವು ಮುದ್ರಿಕೆಗಳು, ಒಂದೊಂದರಲ್ಲೂ ರಾಗವೊಂದು ತಾಳವೊಂದು ಎನ್ನುವ ಸಂಗ್ರಹ ಆ ಮೂರು ಗೂಡುಗಳಲ್ಲಿ ಹಿಡಿಸುವುದಿಲ್ಲ. ಫ್ಲಾಕ್ ಬಳಸುವ ವೋರ್ಬಿಸ್ ಟಿಪ್ಪಣಿಗಳು ಇಲ್ಲಿ ಕೈಹಿಡಿಯುತ್ತವೆ. ಅದರಲ್ಲಿ ಹೆಸರೊಂದು, ಅದರ ಬೆಲೆಯೊಂದು ಎಂಬ ಜೋಡಿಗಳು ಮಾತ್ರ ಇರುತ್ತವೆ, ಹೆಸರನ್ನು ನಾವೇ ಇಡಬಹುದು, ಒಂದೇ ಹೆಸರಿಗೆ ಹಲವು ಬೆಲೆಗಳನ್ನೂ ಕೊಡಬಹುದು. ರಾಗಕ್ಕೊಂದು ಟ್ಯಾಗ್, ತಾಳಕ್ಕೊಂದು ಟ್ಯಾಗ್ ಎಂದು ಮಾಡಿಕೊಂಡರೆ ಇಂದು ಅದನ್ನು ತೋರಿಸದ ಸರ್ವರ್ ಕೂಡ ಅದನ್ನು ಅಳಿಸುವುದಿಲ್ಲ, ನಾಳೆ ತೋರಿಸುವ ಸರ್ವರ್ ಬಂದಾಗ ಎಲ್ಲವೂ ಸಿದ್ಧವಾಗಿರುತ್ತದೆ. ಸದ್ಯಕ್ಕೆ ಬೇಕೆಂದರೆ ಪ್ರಕಾರದ ಟ್ಯಾಗ್‌ನಲ್ಲಿ ರಾಗದ ಹೆಸರನ್ನೂ ಎರಡನೆಯ ಬೆಲೆಯಾಗಿ ಸೇರಿಸಬಹುದು. ಶುದ್ಧತಾವಾದಿಗಳು ಮುಖ ಸಿಂಡರಿಸಿಯಾರು, ಆದರೆ ರಾಗದ ಹೆಸರು ಒತ್ತಿದರೆ ಆ ರಾಗದ ಎಲ್ಲ ಮುದ್ರಿಕೆಗಳೂ ಒಟ್ಟಿಗೆ ಬರುವ ಅನುಕೂಲದ ಮುಂದೆ ಆ ಆಕ್ಷೇಪ ನಿಲ್ಲುವುದಿಲ್ಲ.

ಟ್ಯಾಗ್‌ಗಳನ್ನು ಕನ್ನಡದಲ್ಲೇ ಬರೆಯಬಹುದೇ? ಖಂಡಿತ ಬರೆಯಬಹುದು, ಕೆಲವು ಎಚ್ಚರಗಳೊಡನೆ. ಎಂಪಿ3 ಬಳಸುವ ಐಡಿ3 ಎಂಬ ಟ್ಯಾಗ್ ವಿಧಾನದ ಹಳೆಯ, ಮೊದಲ ಆವೃತ್ತಿ ಕಡತದ ಕೊನೆಯಲ್ಲಿ ಸಿಕ್ಕಿಸಿದ 128 ಬೈಟ್‌ಗಳ ಚೀಟಿ. ಶೀರ್ಷಿಕೆಗೆ ಅದರಲ್ಲಿ ದೊರೆಯುವುದು 30 ಬೈಟ್. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರಭಾಗಕ್ಕೂ 3 ಬೈಟ್ ಬೇಕಾಗುವುದರಿಂದ, ಅಲ್ಲಿ ಕನ್ನಡ ತುರುಕಿದರೂ ಹತ್ತು ಭಾಗಗಳಿಗೇ ಜಾಗ ಮುಗಿಯುತ್ತದೆ. ಆ ಚೀಟಿಯನ್ನು ಪೂರ್ತಿ ತೆಗೆದುಹಾಕಿ ಎರಡನೆಯ ಆವೃತ್ತಿಯನ್ನು ಮಾತ್ರ ಇಟ್ಟುಕೊಳ್ಳುವುದು ಲೇಸು. ಫ್ಲಾಕ್‌ನಲ್ಲಿ ಈ ತೊಂದರೆಯೇ ಇಲ್ಲ, ಅದರ ಟಿಪ್ಪಣಿಗಳು ಹುಟ್ಟಿನಿಂದಲೇ ಯುಟಿಎಫ್-8.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಬಲೆ ಇದೆ, ಅದು ಕಣ್ಣಿಗೆ ಬೀಳುವುದೇ ಇಲ್ಲ. ಯೂನಿಕೋಡ್‌ನಲ್ಲಿ ಓತ್ವದಂತಹ ಕೆಲವು ಕನ್ನಡ ಸ್ವರಚಿಹ್ನೆಗಳನ್ನು ಎರಡು ರೀತಿಯಲ್ಲಿ ಬರೆಯಬಹುದು: ಒಂದೇ ಚಿಹ್ನೆಯಾಗಿ, ಇಲ್ಲವೇ ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂಬ ಮೂರು ತುಂಡುಗಳಾಗಿ. ತೋಡಿ ಎಂಬ ರಾಗದ ಹೆಸರನ್ನು ಎರಡು ರೀತಿಯಲ್ಲಿ ಬರೆದರೂ ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು, ಆದರೆ ಬೈಟ್‌ಗಳನ್ನು ಮಾತ್ರ ಹೋಲಿಸುವ ತಂತ್ರಾಂಶಕ್ಕೆ ಅವು ಎರಡು ಬೇರೆ ಪದಗಳು. ಆ್ಯಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಒಡೆದ ರೂಪದಲ್ಲೇ ಇಡುತ್ತಿತ್ತು, ಲಿನಕ್ಸ್ ಕೊಟ್ಟ ರೂಪವನ್ನು ಹಾಗೆಯೇ ಇಡುತ್ತದೆ. ಹೀಗಾಗಿ ಒಂದರಿಂದ ಇನ್ನೊಂದಕ್ಕೆ ಸಂಗ್ರಹವನ್ನು ನಕಲು ಮಾಡಿದಾಗ ಒಂದೇ ಹೆಸರಿನ ಎರಡು ಫೋಲ್ಡರ್‌ಗಳು ಪಕ್ಕಪಕ್ಕದಲ್ಲಿ ಕುಳಿತಿರುವ ವಿಚಿತ್ರ ನಡೆಯಬಹುದು. ಇಂಗ್ಲಿಷ್ ಟ್ಯಾಗ್‌ಗಳನ್ನು ಮಾತ್ರ ಬಳಸುವವರು ಇದನ್ನು ಜನ್ಮದಲ್ಲಿ ಕಾಣುವುದಿಲ್ಲ, ಆದ್ದರಿಂದ ಅವರು ಬರೆದ ಕೈಪಿಡಿಗಳಲ್ಲಿ ಇದರ ಪ್ರಸ್ತಾಪವೂ ಸಿಗುವುದು ಅಪರೂಪ. ಎಲ್ಲ ಹೆಸರುಗಳನ್ನೂ ಕೂಡಿಸಿದ ರೂಪಕ್ಕೆ, ಎಂದರೆ ಎನ್‌ಎಫ್‌ಸಿ ಎನ್ನುವ ರೂಪಕ್ಕೆ, ಒಮ್ಮೆ ತಂದುಬಿಡುವುದೇ ಪರಿಹಾರ. ಕಡತದ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಇಟ್ಟು, ಕನ್ನಡವನ್ನು ಟ್ಯಾಗ್‌ನೊಳಗೆ ಮಾತ್ರ ಬಳಸುವುದೂ ಒಂದು ಉಪಾಯ. ಅಕಾರಾದಿಯ ವಿಷಯದಲ್ಲಿ ಸಂಕೇತಸಂಖ್ಯೆಯ ಕ್ರಮವನ್ನೇ ಅನುಸರಿಸುವ ಸರ್ವರ್‌ಗಳು ಳಕಾರವನ್ನು ಹಕಾರದ ನಂತರ ಇಡುವುದಿಲ್ಲ, ಲಕಾರ ಮುಗಿದೊಡನೆಯೇ ತರುತ್ತವೆ; ಇದನ್ನು ಸಹಿಸಿಕೊಳ್ಳಬಹುದು. ರೋಮನ್ ಹೆಸರುಗಳೆಲ್ಲ ಮೊದಲು, ಕನ್ನಡದವೆಲ್ಲ ಕೊನೆಗೆ ಎಂದಾಗುವುದು ಇಷ್ಟವಿಲ್ಲದಿದ್ದರೆ ವಿಂಗಡಣೆಗೆಂದೇ ಇರುವ ಟ್ಯಾಗ್‌ನಲ್ಲಿ ಹೆಸರಿನ ಎರಡನೆಯ ರೂಪ ಕೊಟ್ಟರಾಯಿತು.

ಧ್ವನಿ ಹೊರಬರುವ ತುದಿಯಲ್ಲಿ ನೋಡಬೇಕಾದ್ದು ಬಿಟ್‌ಗಳು ಮುಟ್ಟದೆ ತಲುಪುತ್ತಿವೆಯೇ ಎಂದು. ಲಿನಕ್ಸ್‌ನ ಆಲ್ಸಾ ಎಂಬ ಧ್ವನಿ ವ್ಯವಸ್ಥೆಯಲ್ಲಿ ಪೂರ್ವನಿಯೋಜಿತ ದಾರಿಯನ್ನೇ ಹಿಡಿದರೆ ಹಲವು ತಂತ್ರಾಂಶಗಳ ಸದ್ದನ್ನು ಬೆರೆಸುವ ಘಟ್ಟವೊಂದು ನಡುವೆ ಬರುತ್ತದೆ, ಅದು ಸಾಮಾನ್ಯವಾಗಿ ಎಲ್ಲವನ್ನೂ 48,000 ಸ್ಯಾಂಪಲ್‌ಗೆ ಬದಲಿಸುತ್ತದೆ. ಸಂಗೀತಕ್ಕೇ ಮೀಸಲಾದ ಯಂತ್ರದಲ್ಲಿ ಬೆರೆಸಲು ಬೇರೆ ಸದ್ದೇ ಇಲ್ಲ, ಆದ್ದರಿಂದ ಪ್ಲೇಯರ್‌ಗೆ ಡ್ಯಾಕ್ ಅನ್ನು ನೇರವಾಗಿ ತೋರಿಸಬೇಕು. ತೋರಿಸುವಾಗ ಧ್ವನಿ ಕಾರ್ಡ್‌ನ ಸಂಖ್ಯೆ ಕೊಡದೆ ಹೆಸರು ಕೊಡಬೇಕು, ಏಕೆಂದರೆ ಯಂತ್ರ ಮರಳಿ ಶುರುವಾದಾಗ ಸಂಖ್ಯೆಗಳು ಅದಲುಬದಲಾಗಬಹುದು. ಶಬ್ದದ ಮಟ್ಟವನ್ನು ತಂತ್ರಾಂಶದಲ್ಲಿ ತಗ್ಗಿಸಿದರೆ ಪ್ರತಿ 6 ಡೆಸಿಬೆಲ್‌ಗೆ ಒಂದು ಬಿಟ್ ನಷ್ಟವಾಗುತ್ತದೆ ಎಂಬುದು ನಿಜ. ಆದರೆ 16 ಬಿಟ್‌ನ ಹಾಡನ್ನು 24 ಬಿಟ್‌ನ ಡ್ಯಾಕ್‌ಗೆ ಕಳುಹಿಸುವಾಗ 8 ಬಿಟ್ ಹೆಚ್ಚುವರಿ ಇರುವುದರಿಂದ 48 ಡೆಸಿಬೆಲ್ ತಗ್ಗುವವರೆಗೆ ಹಾಡಿನ ಬಿಟ್‌ಗಳು ಉಳಿಯುತ್ತವೆ. ಹಾಗಾಗಿ ಈ ಕುರಿತ ಆತಂಕ ಅಗತ್ಯಕ್ಕಿಂತ ಹೆಚ್ಚಾಯಿತೆಂದು ನನಗೆ ಅನಿಸುತ್ತದೆ.

ಹಳೆಯ ಮುದ್ರಿಕೆಯ ನಂತರ ಹೊಸದು ಬಂದೊಡನೆ ಸದ್ದು ಎಗರುವುದಕ್ಕೆ ರೀಪ್ಲೇಗೇನ್ ಮದ್ದು. 2001ರಲ್ಲಿ ಡೇವಿಡ್ ರಾಬಿನ್ಸನ್ ಪ್ರಸ್ತಾಪಿಸಿದ ಈ ವಿಧಾನ ಧ್ವನಿಯನ್ನು ಮುಟ್ಟುವುದೇ ಇಲ್ಲ. ಹಾಡಿನ ಸರಾಸರಿ ಗಟ್ಟಿತನವನ್ನು ಅಳೆದು, ಎಷ್ಟು ಏರಿಸಬೇಕು ಅಥವಾ ಇಳಿಸಬೇಕು ಎಂಬುದನ್ನು ಟ್ಯಾಗ್ ಆಗಿ ಬರೆದಿಡುತ್ತದೆ. ಪಾಲಿಸುವುದು ಬಿಡುವುದು ಪ್ಲೇಯರ್‌ನ ಇಚ್ಛೆ. ಹಾಡಿನ ಅಳತೆ, ಆಲ್ಬಮ್‌ನ ಅಳತೆ ಎಂದು ಎರಡು ಬೆಲೆಗಳಿರುತ್ತವೆ. ಆಲ್ಬಮ್ ಪೂರ್ತಿ ಕೇಳುವಾಗ ಎರಡನೆಯದನ್ನೇ ಬಳಸಬೇಕು, ಇಲ್ಲವಾದರೆ ಮೆಲುದನಿಯ ಆಲಾಪನೆಯೂ ಅಬ್ಬರದ ತನಿಯೂ ಒಂದೇ ಮಟ್ಟಕ್ಕೆ ಬಂದು ಕಲಾವಿದರು ಉದ್ದೇಶಿಸಿದ ಏರಿಳಿತ ಮಾಯವಾಗುತ್ತದೆ.

ಒಂದಕ್ಕಿಂತ ಹೆಚ್ಚು ಕೋಣೆಗಳಲ್ಲಿ ಒಂದೇ ಹಾಡು ಏಕಕಾಲಕ್ಕೆ ನುಡಿಯಬೇಕೆಂದರೆ ಎದುರಾಗುವುದು ಗಡಿಯಾರದ ಸಮಸ್ಯೆ. ಪ್ರತಿ ಡ್ಯಾಕ್‌ನಲ್ಲೂ ಅದರದೇ ಸ್ಫಟಿಕ ಗಡಿಯಾರವಿದೆ, ಯಾವ ಎರಡು ಸ್ಫಟಿಕಗಳೂ ನಿಖರವಾಗಿ ಒಂದೇ ವೇಗದಲ್ಲಿ ಮಿಡಿಯುವುದಿಲ್ಲ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 180 ಮಿಲಿಸೆಕೆಂಡ್ ಅಂತರ ಬೀಳುತ್ತದೆ. ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತವನಿಗೆ ಆ ಹೊತ್ತಿಗೆ ಪ್ರತಿಧ್ವನಿ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ. ಹಾಗಾಗಿ ಹಾಡನ್ನು ಒಟ್ಟಿಗೆ ಆರಂಭಿಸಿದರೆ ಸಾಲದು, ಉದ್ದಕ್ಕೂ ತಿದ್ದುತ್ತಲೇ ಇರಬೇಕು. ಲಿರಿಯನ್ ಪ್ರತಿ ಪ್ಲೇಯರ್ ಎಲ್ಲಿದೆ ಎಂದು ವಿಚಾರಿಸುತ್ತಾ, ಮುಂದೆ ಹೋದದ್ದನ್ನು ಕಿವಿಗೆ ತಿಳಿಯದಷ್ಟು ತಡೆದು, ಹಿಂದೆ ಬಿದ್ದದ್ದನ್ನು ಅಷ್ಟೇ ನಯವಾಗಿ ಮುಂದೆ ದಾಟಿಸುತ್ತದೆ. ಎಂಪಿಡಿ ಬಳಸುವವರು ಇದೇ ಕೆಲಸಕ್ಕೆ ಸ್ನ್ಯಾಪ್‌ಕ್ಯಾಸ್ಟ್ ಜೋಡಿಸುತ್ತಾರೆ. ಅದು ಪ್ರತಿ ಧ್ವನಿತುಂಡಿಗೂ ನುಡಿಯಬೇಕಾದ ಸಮಯದ ಮುದ್ರೆ ಒತ್ತಿ ಕಳುಹಿಸುತ್ತದೆ. ಎರಡೂ ಚೆನ್ನಾಗಿ ನಡೆಯುತ್ತವೆ, ಪ್ಲೇಯರ್‌ಗಳು ತಂತಿಯ ಮೂಲಕ ಜಾಲಕ್ಕೆ ಸೇರಿದ್ದರೆ ಇನ್ನೂ ಚೆನ್ನಾಗಿ.

ಇಷ್ಟೆಲ್ಲ ಕೂಡಿಬಂದ ಮೇಲೆ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಸರ್ವರ್ ನಿಲ್ಲಿಸಿ, ಅದರ ದತ್ತಸಂಚಯವನ್ನು ಬೇರೆಡೆಗೆ ಸರಿಸಿ, ಬರಿಗೈಯಿಂದ ಇಡೀ ಸಂಗ್ರಹವನ್ನು ಮತ್ತೆ ಓದಿಸುತ್ತೇನೆ. ಹೆಸರುಗಳು, ಚಿತ್ರಗಳು, ರಾಗಗಳು, ಗಟ್ಟಿತನದ ಅಳತೆಗಳು ಎಲ್ಲವೂ ಕಡತಗಳಿಂದಲೇ ಮರಳಿ ಬರುತ್ತವೆ. ಪ್ಲೇಲಿಸ್ಟ್‌ಗಳು ಎಂ3ಯು ರೂಪದ ಸರಳ ಪಠ್ಯಗಳು. ಅವುಗಳಲ್ಲಿ ಕಡತದ ದಾರಿಯನ್ನು ಯಂತ್ರದ ಬೇರಿನಿಂದ ಬರೆಯದೆ, ಸಂಗೀತದ ಫೋಲ್ಡರ್‌ನಿಂದ ಸಾಪೇಕ್ಷವಾಗಿ ಬರೆದಿದ್ದರೆ ಡಿಸ್ಕ್ ಬದಲಾದರೂ ಅವು ದಾರಿ ತಪ್ಪುವುದಿಲ್ಲ. ಮರಳಿ ಬಾರದೆ ಉಳಿಯುವುದು ಎಷ್ಟು ಸಲ ಕೇಳಿದೆ, ಕೊನೆಯ ಸಲ ಯಾವಾಗ, ಎಷ್ಟು ನಕ್ಷತ್ರ ಕೊಟ್ಟೆ ಎಂಬ ಲೆಕ್ಕ. ಲಿರಿಯನ್ ಇದನ್ನು ಸಂಗ್ರಹದ ಪಟ್ಟಿಯಿಂದ ಬೇರ್ಪಡಿಸಿ ಇನ್ನೊಂದು ದತ್ತಸಂಚಯದಲ್ಲಿ ಇಡುತ್ತದೆ, ಎಂಪಿಡಿ ಸ್ಟಿಕರ್ ಎಂಬ ಪ್ರತ್ಯೇಕ ಕಡತದಲ್ಲಿ ಇಡುತ್ತದೆ. ಎರಡೂ ಎಸ್‌ಕ್ಯುಲೈಟ್ ಎಂಬ ಸರಳ ದತ್ತಸಂಚಯದ ರೂಪದವು, ಆದ್ದರಿಂದ ಬೇಕಾದಾಗ ತೆರೆದು ಓದಬಹುದು. ಎಂಪಿಡಿಯಲ್ಲಿ ಈ ಲೆಕ್ಕ ಅಂಟಿಕೊಂಡಿರುವುದು ಕಡತವಿರುವ ದಾರಿಗೆ. ಫೋಲ್ಡರ್‌ನ ಹೆಸರು ತಿದ್ದಿದ ಮರುಕ್ಷಣ ಅದಕ್ಕೆ ಹಾಡು ಅಪರಿಚಿತವಾಗುತ್ತದೆ. ಹೀಗಾಗಿ ಫೋಲ್ಡರ್‌ಗಳ ರಚನೆಯನ್ನು ಮೊದಲೇ ನಿರ್ಧರಿಸಿ, ಆಮೇಲೆ ಕೈಯಾಡಿಸದಿರುವುದು ಒಳ್ಳೆಯದು.

ಬ್ಯಾಕಪ್ ವಿಷಯದಲ್ಲಿ ನನ್ನ ಏರ್ಪಾಡು ಸರಳ. ಎರಡು ಡಿಸ್ಕ್‌ಗಳಲ್ಲಿ ಒಂದೇ ಪ್ರತಿಯನ್ನು ಏಕಕಾಲಕ್ಕೆ ಬರೆಯುವ ರೇಡ್ ವ್ಯವಸ್ಥೆ ಡಿಸ್ಕ್ ಸಾಯುವುದರಿಂದ ಕಾಪಾಡುತ್ತದೆ, ತಪ್ಪಾಗಿ ಅಳಿಸಿದ್ದನ್ನು ಎರಡೂ ಕಡೆ ಅಷ್ಟೇ ಚುರುಕಾಗಿ ಅಳಿಸಿಬಿಡುತ್ತದೆ. ಆದ್ದರಿಂದ ಸಾಮಾನ್ಯವಾಗಿ ಸಂಪರ್ಕ ಕಳಚಿಟ್ಟ ಹೊರಗಿನ ಡಿಸ್ಕ್ ಒಂದು, ಬೇರೆ ಸ್ಥಳದಲ್ಲಿ ಇನ್ನೊಂದು. ನಕಲು ಮಾಡುವ ಮೊದಲು ಫ್ಲಾಕ್‌ಗಳ ಪರೀಕ್ಷೆ ನಡೆಸುತ್ತೇನೆ, ಕೆಟ್ಟ ಕಡತ ಒಳ್ಳೆಯ ಪ್ರತಿಯ ಮೇಲೆ ಕೂರದಿರಲಿ ಎಂದು. ಸಂಗೀತದ ಜೊತೆಗೆ ಪ್ಲೇಲಿಸ್ಟ್‌ಗಳ ಫೋಲ್ಡರ್, ಕೇಳಿಕೆಯ ಲೆಕ್ಕವಿರುವ ಆ ಪುಟ್ಟ ದತ್ತಸಂಚಯ, ಸರ್ವರ್‌ನ ಸಂಯೋಜನೆಗಳ ಕಡತ ಇಷ್ಟೂ ಹೋಗುತ್ತವೆ. ಸಂಗ್ರಹದ ದೊಡ್ಡ ದತ್ತಸಂಚಯವನ್ನು ನಕಲು ಮಾಡುವುದಿಲ್ಲ. ಬೇಕೆಂದಾಗ ಸರ್ವರ್ ಅದನ್ನು ತಾನೇ ಕಟ್ಟಿಕೊಳ್ಳಲಿ.